ಕೆಂಪು ಬಿದ್ದ ಹಟ್ಟಿ

ದುರ್ಗದ ಯಕೃತ್ ನಿಗಾ ಕೇಂದ್ರದಲ್ಲಿ ಒಂದು ಗೋಡೆಯ ತುಂಬ ಜಿಲ್ಲೆಯ ನಕ್ಷೆ. ಯಾವ ಊರಿನಲ್ಲಿ ವಯಸ್ಸಿಗೆ ಬಂದವರು ಎಷ್ಟು ಜನರಿದ್ದಾರೋ ಆ ಊರಿನ ಮೇಲೆ ಅಷ್ಟು ಚುಕ್ಕೆ. ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಗೆ ಹೋದವರು ಅಲ್ಲಿನ ಪೆಟ್ಟಿಗೆಯ ಕಾರ್ಡಿನ ಮೇಲೆ ಬೆರಳ ತುದಿಯ ಒಂದು ಹನಿ ರಕ್ತ ಬಿಟ್ಟರೆ ಮುಗಿಯಿತು, ಕೇಂದ್ರದ ಗೋಡೆಯ ಮೇಲೆ ಅವರ ಚುಕ್ಕೆ ಹಸಿರಾಗಿಯೋ ಕೆಂಪಾಗಿಯೋ ಹೊತ್ತಿಕೊಳ್ಳುತ್ತಿತ್ತು. ಹಸಿರು ಬಿದ್ದವರು ಅಕ್ಕಿ ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು. ಕೆಂಪು ಬಿದ್ದವರಿಗೆ ಅಂದೇ ಕರೆ ಹೋಗುತ್ತಿತ್ತು.

ಯಕೃತ್ತಿನ ಕ್ಯಾನ್ಸರು ಕಳ್ಳನ ಜಾತಿಯದು. ನೋವು ಕಾಣಿಸುವ ಹೊತ್ತಿಗೆ ಮನೆ ದೋಚಿ ಮುಗಿಸಿರುತ್ತದೆ. ಆದರೆ ಅದರದೂ ಒಂದು ಹೆಜ್ಜೆ ಗುರುತು ಉಳಿಯುತ್ತದೆ. ತಾಯ ಹೊಟ್ಟೆಯಲ್ಲಿರುವ ಕೂಸಿನ ಯಕೃತ್ತು ಒಂದು ಬಗೆಯ ಪ್ರೋಟೀನು ತಯಾರಿಸುತ್ತದೆ. ಹುಟ್ಟಿದ ಮೇಲೆ ಆ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಮುಂದೆ ಯಾವತ್ತೋ ಅಲ್ಲಿ ಗೆಡ್ಡೆಯೊಂದು ಹುಟ್ಟಿದರೆ, ಅದರ ಜೀವಕೋಶಗಳು ಮರೆತುಹೋದ ಆ ಬಾಲಪಾಠವನ್ನು ಮತ್ತೆ ಒಪ್ಪಿಸತೊಡಗುತ್ತವೆ. ಎಲ್ಲ ಗೆಡ್ಡೆಗಳೂ ಅಲ್ಲ, ಆದರೂ ಬಹಳಷ್ಟು. ದೊಡ್ಡವರ ರಕ್ತದಲ್ಲಿ ಹೀಗೆ ಕೂಸಿನ ಪ್ರೋಟೀನು ಸಿಕ್ಕರೆ ಅದು ಗೆಡ್ಡೆಯ ಸುಳಿವು. ಪ್ರತಿಜನಕ ಎನ್ನುವುದು ಅದನ್ನೇ. ಅದನ್ನು ಹಿಡಿಯಲು ಕಾರ್ಡಿನೊಳಗೆ ಎರಡು ಪದರ ಪ್ರತಿಕಾಯಗಳಿದ್ದವು. ಕೆಳಗಿನ ಪದರ ಪ್ರತಿಜನಕದ ಒಂದು ತುದಿಯನ್ನು ಹಿಡಿಯುತ್ತದೆ, ಬೆಳಕು ಹೊತ್ತ ಮೇಲಿನ ಪದರ ಇನ್ನೊಂದು ತುದಿಯನ್ನು. ನಡುವೆ ಪ್ರತಿಜನಕ ಇದ್ದರೆ ಎರಡೂ ಕೂಡಿಕೊಂಡು ದೀಪ ಹೊತ್ತುತ್ತದೆ, ಇಲ್ಲವಾದರೆ ಕತ್ತಲು. ಸರಳವಾದ ಲೆಕ್ಕ. ಆ ಲೆಕ್ಕದಿಂದ ಬದುಕಿಕೊಂಡವರು ಜಿಲ್ಲೆಯ ಪ್ರತಿ ಊರಿನಲ್ಲೂ ಇದ್ದರು.

ಕಸ್ತೂರಿ ಆ ಕೇಂದ್ರದ ಜೀವರಸಾಯನ ತಜ್ಞೆ. ನಕ್ಷೆಯ ಈಶಾನ್ಯ ಮೂಲೆಯಲ್ಲಿದ್ದ ಬೋರನಹಟ್ಟಿ ಅವಳ ತವರು, ಬೋರನಕಾವಲೆಂಬ ಹುಲ್ಲುಗಾವಲಿನ ಅಂಚಿನಲ್ಲಿ ಕುರಿ ಸಾಕಿಕೊಂಡಿದ್ದವರ ಊರು. ಮಳೆಗಾಲದ ಮೊದಲಲ್ಲಿ ಅಲ್ಲಿ ಒಂದು ಕೆಂಪು ಚುಕ್ಕೆ ಬಿತ್ತು. ಮುಂದಿನ ಸಲ ನಾಲ್ಕಾರು. ಶ್ರಾವಣ ಕಳೆಯುವುದರೊಳಗೆ ಹಟ್ಟಿಯ ಅರ್ಧಕ್ಕೂ ಹೆಚ್ಚು ಜನ ಕೆಂಪಾಗಿದ್ದರು, ಅವಳ ಅಣ್ಣ ಮೈಲಾರಪ್ಪ, ಅತ್ತಿಗೆ ಮಾಳಮ್ಮ, ಇಪ್ಪತ್ತು ದಾಟದ ಅವರ ಮಗಳು ಚೈತ್ರ ಎಲ್ಲರೂ ಸೇರಿ.

"ಬೂಷ್ಟು ಹಿಡಿದ ಕಡಲೆಕಾಯಿ," ಎಂದರು ಕೇಂದ್ರದ ನಿರ್ದೇಶಕ ಡಾ. ಜಯತೀರ್ಥ. ಅವರು ನಿಧಾನಕ್ಕೆ ಮಾತಾಡುವ, ಮಾತಾಡುವ ಮೊದಲು ಕನ್ನಡಕ ಒರೆಸಿಕೊಳ್ಳುವ ಮನುಷ್ಯ. "ಆ ಬೂಷ್ಟಿನ ವಿಷ ನೇರ ಯಕೃತ್ತಿಗೇ ಹೋಗುತ್ತೆ. ಹೋದ ಸುಗ್ಗಿಯಲ್ಲಿ ಮಳೆಗೆ ಸಿಕ್ಕ ಕಾಯಿ ತಿಂದಿದ್ದಾರೆ."

"ಪಕ್ಕದ ಕೆಂಚಾಪುರದವರೂ ಅದೇ ಕಾಯಿ ತಿಂದಿದ್ದಾರೆ ಸರ್. ಒಂದೇ ಕಣದ್ದು. ಅಲ್ಲಿ ಒಂದೂ ಕೆಂಪಿಲ್ಲ."

"ಇನ್ನೂ ಬಿದ್ದಿಲ್ಲ ಅನ್ನಿ."

ಈ 'ಇನ್ನೂ' ಎಂಬ ಮಾತೇ ಕಸ್ತೂರಿಯ ತಲೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಹಟ್ಟಿಯಲ್ಲಿ ಮೊದಲು ಕೆಂಪು ಬಿದ್ದವರನ್ನು ಕರೆಸಿ ಸ್ಕ್ಯಾನ್ ಮಾಡಿದ್ದರು. ಯಾರ ಯಕೃತ್ತಿನಲ್ಲೂ ಏನೂ ಕಂಡಿರಲಿಲ್ಲ. ಅದಕ್ಕೆ ಕೇಂದ್ರ ಕೊಟ್ಟ ಉತ್ತರವೂ ಇದೇ: ಇನ್ನೂ ಕಾಣುತ್ತಿಲ್ಲ. ಗೆಡ್ಡೆ ಕಾಣುವ ಮೊದಲೇ ಪ್ರತಿಜನಕ ಕಾಣುತ್ತದೆ, ಈ ಯೋಜನೆಯ ಹೆಚ್ಚುಗಾರಿಕೆಯೇ ಅದು. ಹಾಗಾಗಿ ಮುನ್ನೆಚ್ಚರಿಕೆಯ ಮಾತ್ರೆ ನುಂಗಿ. ವಾರಕ್ಕೊಮ್ಮೆ ಡ್ರೋನು ಹಾರಿಬಂದು ಹಟ್ಟಿಯ ಕಟ್ಟೆಯ ಮೇಲೆ ಮಾತ್ರೆಯ ಪೊಟ್ಟಣ ಇಳಿಸಿ ಹೋಗುತ್ತಿತ್ತು. ಸ್ಕ್ಯಾನಿನಲ್ಲಿ ಕಂಡರೆ ರೋಗ ಇದೆ, ಕಾಣದಿದ್ದರೆ ರೋಗ ಬರಲಿದೆ. ಯಾವ ದಾರಿಯಲ್ಲಿ ಹೋದರೂ ಕಾರ್ಡಿನ ಮಾತು ತಪ್ಪಾಗುವ ಹಾಗೇ ಇರಲಿಲ್ಲ. ಎಂದೂ ತಪ್ಪಾಗಲಾರದ ಮಾತನ್ನು ಕಂಡರೆ ಕಸ್ತೂರಿಗೆ ಭಯ.

ಭಾನುವಾರ ಅವಳು ಹಟ್ಟಿಗೆ ಹೋದಳು.

ಮೈಲಾರಪ್ಪ ಕುರಿ ಕೂಡುವ ರೊಪ್ಪದ ಬೇಲಿಗೆ ಜಾಲಿ ಮುಳ್ಳು ಕಟ್ಟುತ್ತಿದ್ದ. ತಂಗಿಯನ್ನು ಕಂಡು ಕೈಯ ಕೆಲಸ ಬಿಡಲಿಲ್ಲ.

"ಬಂದ್ಯಾ. ಮ್ಯಾಪಿನಾಗೆ ನಮ್ಮೂರು ಹೆಂಗೆ ಕಾಣ್ತೈತೆ?"

"ಅಣ್ಣ, ನಾನು ಜಗಳಕ್ಕೆ ಬಂದಿಲ್ಲ."

"ನಾನೂ ಜಗಳ ಆಡ್ತಿಲ್ಲ. ಕೇಳ್ತಿದೀನಿ. ಕಾವಲಿನಾಗೆ ಹೋದ್ ಬ್ಯಾಸಿಗೇಲಿ ಸರ್ಕಾರದೋರು ಕಲ್ಲು ನೆಟ್ಟು ಹೋದ್ರು, ಕರೆಂಟು ತೆಗೆಯೋ ಬಿಸಿಲಿನ ಹಲಗೆ ಹಾಸ್ತೀವಿ, ಕುರಿ ಬ್ಯಾರೆ ಕಡೆ ಹೊಡ್ಕಳಿ ಅಂತ. ನಾವು ಹುಲ್ಲು ಬಿಡಲ್ಲ ಅಂದ್ವಿ. ಅದಾಗಿ ಒಂದು ಮಳೆ ಬೀಳೋದ್ರೊಳಗೆ ಹಟ್ಟಿಗೆಲ್ಲ ಕ್ಯಾನ್ಸರು. ಈಗ ನೋಟೀಸು ಬಂದೈತೆ, ಎಲ್ಲಾರೂ ದುರ್ಗದ ಆರೈಕೆ ಶಿಬಿರಕ್ಕೆ ಬಂದು ಇರ್ರಿ ಅಂತ. ಹಟ್ಟಿ ಖಾಲಿ ಆದ್ಮ್ಯಾಕೆ ಕಾವಲು ಯಾರದು? ಕುರಿ ಕಾಯಾಕೆ ತೋಳನ್ನ ನೇಮಿಸಿದಂಗಾಯ್ತು."

ಅದೇ ಅನುಮಾನ ಕಸ್ತೂರಿಯ ಮನಸ್ಸಿನಲ್ಲೂ ಸುಳಿದುಹೋಗಿತ್ತು. ಆ ಕಲ್ಲುಗಳನ್ನು ಬರುವ ದಾರಿಯಲ್ಲಿ ಅವಳೂ ನೋಡಿದ್ದಳು.

ಒಳಗೆ ಮಾಳಮ್ಮ ಒಲೆಯ ಮುಂದೆ ಕೂತಿದ್ದಳು. ನಾದಿನಿಗೆ ಮಜ್ಜಿಗೆ ಕೊಡಲು ಎದ್ದವಳು ಗೋಡೆ ಹಿಡಿದುಕೊಂಡಳು. ಹೋದ ಸಲ ನೋಡಿದ್ದಕ್ಕಿಂತ ಇಳಿದುಹೋಗಿದ್ದಳು, ಬಳೆ ಮೊಣಕೈವರೆಗೆ ಜಾರುತ್ತಿದ್ದವು.

"ಮಾತ್ರೆ ಕಣಮ್ಮ," ಎಂದಳು. "ನುಂಗಿದ್ದು ವಾಂತಿ ಆಗ್ತೈತೆ. ಎಲ್ಲಾರಿಗೂ ಹಂಗೇ. ನಾನು ಬಿಟ್ಟು ಸುಮಾರು ದಿನ ಆತು, ಆದ್ರೂ ಅನ್ನ ಸೇರಲ್ಲ."

"ಸ್ಕ್ಯಾನಿಗೆ ಹೋಗಿದ್ರಾ ಅತ್ತಿಗೆ?"

"ನಿಮ್ಮಣ್ಣ ಯಾರ್ನೂ ಕಳಿಸ್ತಿಲ್ಲ. ಮೊದ್ಲು ಹೋದೋರಿಗೆ ಏನು ಹೇಳಿದ್ರು, ಇಲ್ಲ ಅಂದ್ರು, ಆದ್ರೂ ಐತೆ ಅಂದ್ರು. ಅದಕ್ಕೆ."

ಮೂಲೆಯಲ್ಲಿ ಚೈತ್ರ ಉಣ್ಣೆ ಬಿಡಿಸುತ್ತಿದ್ದಳು. ಅವಳ ಮದುವೆ ಹಿರಿಯೂರಿನ ಕಡೆಗೆ ಗೊತ್ತಾಗಿತ್ತು. ಕೆಂಪು ಬಿದ್ದ ಸುದ್ದಿ ತಲುಪಿದ್ದೇ ಬೀಗರು ಬರುವುದು ನಿಲ್ಲಿಸಿದ್ದರು. ಹಟ್ಟಿಯ ಎಮ್ಮೆ ಹಾಲನ್ನು ಈಗ ಕೆಂಚಾಪುರದವರು ಕೊಳ್ಳುತ್ತಿರಲಿಲ್ಲ. ಕ್ಯಾನ್ಸರು ಹಾಲಿನಲ್ಲಿ ಹರಿದುಬರುವುದಿಲ್ಲ ಎಂದು ಕಸ್ತೂರಿಯೇ ಹಿಂದೊಮ್ಮೆ ಅಲ್ಲಿನ ಶಾಲೆಯಲ್ಲಿ ಭಾಷಣ ಮಾಡಿ ಬಂದಿದ್ದಳು. ಜನ ತಲೆಯಾಡಿಸಿದ್ದರು, ಹಾಲನ್ನು ಮಾತ್ರ ಬೇರೆ ಕಡೆ ತೆಗೆದುಕೊಂಡಿದ್ದರು.

ಹೊರಡುವಾಗ ಮೈಲಾರಪ್ಪ ಬಸ್ಸಿನವರೆಗೂ ಜೊತೆಗೆ ಬಂದ.

"ಈ ಪೆಟ್ಟಿಗೆ ಸುಳ್ಳು ಹೇಳ್ತೈತೆ ಅಂತ ನೀನು ಬರಕೊಡ್ತೀಯಾ?"

"ಸುಳ್ಳು ಅಂತ ಗೊತ್ತಾದ್ರೆ ಬರಕೊಡ್ತೀನಿ."

"ಅಂದ್ರೆ ನಿಂಗಿನ್ನೂ ಗೊತ್ತಾಗಿಲ್ಲ." ಅವನು ನಕ್ಕ, ಆ ನಗು ಚೆನ್ನಾಗಿರಲಿಲ್ಲ. "ಅವ್ರ ಅನ್ನ ತಿಂದು ಅವ್ರ ಮ್ಯಾಲೆ ಹೆಂಗೆ ಬರೀತೀಯ ಬಿಡು."

ಕೇಂದ್ರಕ್ಕೆ ಮರಳಿದ ಕಸ್ತೂರಿ ಬೋರನಹಟ್ಟಿಯನ್ನು ಬಿಟ್ಟು ಜಿಲ್ಲೆಯ ಉಳಿದ ಕೆಂಪು ಚುಕ್ಕೆಗಳ ಬೆನ್ನು ಹತ್ತಿದಳು. ಅಣ್ಣನ ಮಾತು ನಿಜವಾದರೆ ಕೆಂಪು ಬೀಳಬೇಕಾದದ್ದು ಕಾವಲಿನ ಸುತ್ತ ಮಾತ್ರ. ಜಯತೀರ್ಥರ ಮಾತು ನಿಜವಾದರೆ ಕಡಲೆಕಾಯಿ ತಿನ್ನುವ ಎಲ್ಲ ಕಡೆ. ಆದರೆ ಈ ವರ್ಷ ಹೊಸದಾಗಿ ಬಿದ್ದ ಕೆಂಪುಗಳು ಈ ಎರಡರಲ್ಲಿ ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಕಾವಲಿನಿಂದ ಬಹು ದೂರದ ಇನ್ನೆರಡು ಹಟ್ಟಿಗಳು. ಊರ ನಡುವೆ ಬಾಡಿಗೆ ಮನೆಯಲ್ಲಿದ್ದ, ಅಂಗೈ ಅಗಲದ ಜಮೀನೂ ಇಲ್ಲದ ಒಬ್ಬ ಪಶುವೈದ್ಯ. ಕಂಬಳಿ ಸಂತೆಯ ಹತ್ತಿರದ ಉಣ್ಣೆ ಕತ್ತರಿಸುವ ಇಬ್ಬರು. ಆ ಪಶುವೈದ್ಯನಿಗೆ ಫೋನು ಮಾಡಿ, ಕಡಲೆಕಾಯಿ ತಿನ್ನುತ್ತೀರಾ ಎಂದು ಕೇಳಿದಳು. ತನಗದು ಒಗ್ಗುವುದೇ ಇಲ್ಲ, ಮೈಯೆಲ್ಲ ದದ್ದು ಏಳುತ್ತದೆ ಎಂದ ಆತ. ಈಚೆಗೆ ಯಾವ ಕೆಲಸ ಜಾಸ್ತಿ ಎಂದರೆ, "ಕುರಿಗಳ ಹೆರಿಗೆ ಮೇಡಂ, ಇನ್ನೇನು ಈ ಸೀಮೆಯಲ್ಲಿ" ಎಂದ.

ಫೋನು ಕೆಳಗಿಟ್ಟ ಮೇಲೂ ಅವಳ ಕೈ ಅದರ ಮೇಲೇ ಇತ್ತು. ಕುರಿ.

ಕೆಂಚಾಪುರದಲ್ಲಿ ಕುರಿ ಸಾಕುವವರೇ ಇರಲಿಲ್ಲ. ಕಾರ್ಡು ತಯಾರಿಸುವ ಕಂಪನಿಗೆ ಫೋನು ಮಾಡಿದಳು. ಈ ಮಳೆಗಾಲದಿಂದ, ಅಂಗಡಿಗಳ ಹಳೆಯ ದಾಸ್ತಾನು ಮುಗಿದ ಹಾಗೆಲ್ಲ, ಕಾರ್ಡಿನ ಪೊಟ್ಟಣದ ಮೇಲೆ 'ಸುಧಾರಿತ' ಎಂಬ ಮಾತು ಅಚ್ಚಾಗಿ ಬರುತ್ತಿತ್ತು. ಏನು ಸುಧಾರಿಸಿದಿರಿ, ಒಳಗಿನ ಪ್ರತಿಕಾಯಗಳನ್ನು ಯಾವ ಪ್ರಾಣಿಯಿಂದ ತೆಗೆಯುತ್ತೀರಿ ಎಂದು ಕೇಳಿದಳು. ಅತ್ತಲಿಂದ ನಯವಾದ ದನಿ, ಅದು ಕಂಪನಿಯ ಗುಟ್ಟು ಎಂದಿತು. ಕುರಿಯಿಂದಲೇ ಎಂದು ಕೇಳಿದಳು. ಆ ದನಿ ಅಲ್ಲ ಎನ್ನಲಿಲ್ಲ. ನಿಮ್ಮ ನಿರ್ದೇಶಕರ ಮೂಲಕ ಬರೆದು ಕೇಳಿ ಎಂದು ಹೇಳಿ ಫೋನಿಟ್ಟಿತು.

ಅವಳ ಗುಮಾನಿ ಇಷ್ಟು. ಪ್ರತಿಕಾಯ ಬೇಕೆಂದರೆ ಯಾವುದಾದರೂ ಪ್ರಾಣಿಯ ಮೈಗೆ ಪ್ರತಿಜನಕವನ್ನು ಚುಚ್ಚಬೇಕು. ಆ ಪ್ರಾಣಿಯ ರಕ್ತ ಅದರ ವಿರುದ್ಧ ಪ್ರತಿಕಾಯ ಕಟ್ಟುತ್ತದೆ, ಅದನ್ನು ಸೋಸಿ ಕಾರ್ಡಿಗೆ ಹಾಕುತ್ತಾರೆ. ಕುರಿಗೆ ಚುಚ್ಚಿದ್ದರೆ ಕಾರ್ಡಿನ ಎರಡೂ ಪದರ ಕುರಿಯ ಪ್ರೋಟೀನೇ. ಹುಟ್ಟಿದಂದಿನಿಂದ ಕುರಿಯ ಹಸಿ ಹಾಲು ಕುಡಿದು, ಕುರಿಯ ಹೆರಿಗೆಯ ರಕ್ತದಲ್ಲಿ ಕೈ ಅದ್ದಿ ಬೆಳೆದವರ ಮೈ ಏನು ಮಾಡಿರುತ್ತದೆ? ಕುರಿಯ ಪ್ರೋಟೀನನ್ನು ಪರಕೀಯ ಎಂದು ಗುರುತಿಸಿ ಅದರ ವಿರುದ್ಧ ತನ್ನದೇ ಪ್ರತಿಕಾಯ ಕಟ್ಟಿಕೊಂಡಿರುತ್ತದೆ. ಅಂಥವರ ಹನಿ ರಕ್ತ ಕಾರ್ಡಿಗೆ ಬಿದ್ದರೆ ಆ ಪ್ರತಿಕಾಯ ಒಂದು ಕೈಯಲ್ಲಿ ಕೆಳಗಿನ ಪದರವನ್ನೂ ಇನ್ನೊಂದು ಕೈಯಲ್ಲಿ ಮೇಲಿನ ಪದರವನ್ನೂ ಹಿಡಿದುಕೊಂಡುಬಿಡುತ್ತದೆ. ನಡುವೆ ಪ್ರತಿಜನಕದ ಸುಳಿವೇ ಇಲ್ಲ, ಆದರೂ ದೀಪ ಹೊತ್ತುತ್ತದೆ.

ಹಾಗಿದ್ದರೆ ಪರೀಕ್ಷಿಸುವುದು ಸುಲಭ. ರಕ್ತಕ್ಕೆ ಮೊದಲೇ ಬೇಕಾದಷ್ಟು ಕುರಿಯ ಪ್ರೋಟೀನು ಬೆರೆಸಿಬಿಟ್ಟರೆ ಆ ಪ್ರತಿಕಾಯಗಳೆಲ್ಲ ಅದನ್ನೇ ಹಿಡಿದುಕೊಂಡು ಕೂರುತ್ತವೆ, ಕಾರ್ಡಿನ ತಂಟೆಗೆ ಬರುವುದಿಲ್ಲ. ಸುಳ್ಳು ದೀಪವಾದರೆ ಆರುತ್ತದೆ. ನಿಜದ ದೀಪವಾದರೆ ಉರಿಯುತ್ತಲೇ ಇರುತ್ತದೆ.

ಕೇಂದ್ರದಲ್ಲಿಯೇ ಮಾಡಬಹುದಿತ್ತು. ಆದರೆ ಅಲ್ಲಿ ಮಾಡಿದ್ದನ್ನು ಹಟ್ಟಿ ನಂಬುತ್ತಿರಲಿಲ್ಲ. ಅವಳು ಕಾರ್ಡುಗಳನ್ನೂ ಓದುವ ಯಂತ್ರವನ್ನೂ ಚೀಲಕ್ಕೆ ತುಂಬಿಕೊಂಡು ಮತ್ತೆ ಬೋರನಹಟ್ಟಿಗೆ ಬಂದಳು.

"ಒಂದು ಟಗರು ಬೇಕು," ಎಂದಳು ಅಣ್ಣನಿಗೆ.

"ಬಲಿಗಾ?"

"ರಕ್ತಕ್ಕೆ. ಒಂದು ಸಿರಿಂಜು ಸಾಕು. ಗಬ್ಬದ ಕುರಿ ಬೇಡ, ಹೊಟ್ಟೇಲಿ ಮರಿ ಇದ್ರೆ ಅದರ ಪ್ರೋಟೀನು ಬೆರೆತು ಎಡವಟ್ಟಾಗುತ್ತೆ."

ಮೈಲಾರಪ್ಪ ಅವಳನ್ನೇ ದಿಟ್ಟಿಸಿದ. ಯಾವ ಟಗರು ಎಂದು ತಾನೇ ಆರಿಸುತ್ತೇನೆ ಎಂದ. ಆರಿಸಿದ. ಕೊರಳ ಉಣ್ಣೆಯನ್ನು ತಾನೇ ಕತ್ತರಿಸಿ, ಟಗರಿನ ತಲೆಯನ್ನು ಕಂಕುಳಲ್ಲಿ ಅಮುಕಿ ಹಿಡಿದು, ಸೂಜಿ ಇಳಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದ. ರಕ್ತ ಹೆಪ್ಪುಗಟ್ಟಿ ಹೊಂಬಣ್ಣದ ತಿಳಿ ಮೇಲೆ ನಿಲ್ಲುವ ತನಕ ಆ ಕೊಳವೆಯ ಪಕ್ಕದಿಂದ ಅಲುಗಲಿಲ್ಲ. ತಂಗಿ ಮೂತ್ರಕ್ಕೆ ಹೋದಾಗಲೂ ಕಾದುಕೊಂಡು ಕೂತಿದ್ದ. ಹಟ್ಟಿಯ ಜನ ಕಟ್ಟೆಯ ಸುತ್ತ ನೆರೆದರು. ಕೆಂಪು ಬಿದ್ದವರೆಲ್ಲ ಬೆರಳು ಚುಚ್ಚಿಸಿಕೊಂಡು, ಹೆಸರು ಬರೆದ ಪುಟ್ಟ ಕೊಳವೆಗಳಿಗೆ ನಾಲ್ಕಾರು ಹನಿ ಬಿಟ್ಟರು. ಪ್ರತಿಯೊಬ್ಬರದೂ ಎರಡು ಕಾರ್ಡು, ಒಂದು ಬರೀ ರಕ್ತದ್ದು, ಒಂದು ಕುರಿಯ ತಿಳಿ ಬೆರೆಸಿದ್ದು.

ಮೊದಲು ಮೈಲಾರಪ್ಪನದು. ಬರೀ ರಕ್ತದ ಕಾರ್ಡು ಕೆಂಪಗೆ ಹೊತ್ತಿತು. ಬೆರೆಸಿದ ಕಾರ್ಡನ್ನು ಯಂತ್ರದ ಬಾಯಿಗೆ ಇಟ್ಟಳು. ಕತ್ತಲು.

ಚೈತ್ರಳದು ಇಟ್ಟಳು. ಕತ್ತಲು. ಪಕ್ಕದ ಮನೆಯವರದು, ಅವರ ಸೊಸೆಯದು, ಹಟ್ಟಿಯ ಯಜಮಾನರದು. ಕೆಂಪು, ಕತ್ತಲು. ಕೆಂಪು, ಕತ್ತಲು. ಜನರ ನಡುವೆ ಮೊದಲು ಗುಸುಗುಸು, ಆಮೇಲೆ ನಗೆ. ಯಾರೋ ಮಾತ್ರೆಯ ಪೊಟ್ಟಣಗಳನ್ನು ತಿಪ್ಪೆಗೆ ಎಸೆದರು. ಆ ಗಲಾಟೆಯಲ್ಲಿ ಕಸ್ತೂರಿ ಮಾಳಮ್ಮನ ಎರಡನೆಯ ಕಾರ್ಡನ್ನು ಇಟ್ಟಳು.

ಅದು ಉರಿಯಿತು.

ಅವಳು ಯಂತ್ರಕ್ಕೆ ಬೆನ್ನು ಅಡ್ಡ ಕೊಟ್ಟು ನಿಂತಳು. ಇನ್ನೊಂದು ಕಾರ್ಡು ತೆಗೆದು ಇನ್ನೂ ಹೆಚ್ಚು ತಿಳಿ ಬೆರೆಸಿದಳು. ಉರಿಯಿತು. ರಕ್ತವನ್ನು ಅರ್ಧಕ್ಕೆ ತೆಳುಮಾಡಿದಳು, ಬೆಳಕು ಸರಿಯಾಗಿ ಅರ್ಧವಾಯಿತು. ಸುಳ್ಳು ದೀಪ ಇಷ್ಟು ನಿಯತ್ತಾಗಿ ನಡೆದುಕೊಳ್ಳುವುದಿಲ್ಲ. ತನ್ನ ಕೈಯ ಮೇಲೇ ಅವಳಿಗೆ ಅನುಮಾನ ಬಂತು. ಕಾರ್ಡು ಅದಲುಬದಲಾಯಿತೇ, ಕೊಳವೆ ತೊಳೆದಿರಲಿಲ್ಲವೇ.

ರೊಪ್ಪದ ಹಿಂದಕ್ಕೆ ಕರೆದು ಅಣ್ಣನಿಗೆ ಹೇಳಿದಳು.

ಅವನ ಮುಖದ ಮೇಲಿದ್ದ ಗೆಲುವು ನಿಧಾನಕ್ಕೆ ಇಳಿಯಿತು. "ಎಲ್ಲಾರದೂ ಸುಳ್ಳು, ಅವಳೊಬ್ಬಳದೇ ನಿಜ?"

"ನಿಜ ಇರಬಹುದು. ನಾಳೆಯೇ ಸ್ಕ್ಯಾನ್ ಆಗಬೇಕು."

"ಯಾಕೆ ಅವಳದೇ? ನನ್ನ ಹೆಂಡ್ತಿ ಅಂತಾನಾ?" ಅವನ ದನಿ ತಗ್ಗಿತು. "ಕಸ್ತೂರಿ, ಕೇಳು. ನಾಡಿದ್ದು ನಾವೆಲ್ಲ ದುರ್ಗಕ್ಕೆ ಹೋಗ್ತೀವಿ. ಕಾರ್ಡೇ ಸುಳ್ಳು ಅಂತ ಹೇಳ್ತೀವಿ, ನೋಟೀಸು ವಾಪಸ್ ತಗಳ್ರಿ ಅಂತೀವಿ. ಒಂದು ನಿಜ ಅಂತ ನೀನು ಬಾಯಿ ಬಿಟ್ರೆ ಅವ್ರು ಏನಂತಾರೆ? ನೋಡ್ರಪ್ಪಾ, ಕಾರ್ಡು ಹಿಡಿದೈತೆ ಅಂತಾರೆ. ಎಲ್ಲಾನೂ ಮೊದ್ಲಿಗೆ ಬರ್ತೈತೆ. ಇದು ಮುಗಿಯಾಗಂಟ ಸುಮ್ಕಿರು. ಆಮ್ಯಾಕೆ ನಾನೇ ಕರ್ಕಂಡು ಹೋಗ್ತೀನಿ."

"ಆಮೇಲೆ ಅಂದ್ರೆ ಯಾವಾಗ?"

"ಆಮ್ಯಾಕೆ ಅಂದೆ."

"ಅಣ್ಣ, ಗೆಡ್ಡೆ ಅಲ್ಲೀವರೆಗೆ ಬೆಳೀದೆ ಕಾದು ಕೂರಲ್ಲ."

"ಇದೆಲ್ಲ ಅವ್ರು ಹೇಳಿಕೊಟ್ಟು ಕಳಿಸಿದ್ದಾ?" ಎಂದ ಮೈಲಾರಪ್ಪ. ತಂಗಿಯ ಮುಖ ನೋಡಿ ತಕ್ಷಣ ಬೇರೆ ಕಡೆ ತಿರುಗಿದ. ಆದರೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಮರುದಿನ ಅವನು ಕುರಿ ಹೊಡೆದುಕೊಂಡು ಕಾವಲಿಗೆ ಹೋಗುವ ತನಕ ಕಾದು ಕಸ್ತೂರಿ ಅತ್ತಿಗೆಯ ಪಕ್ಕದಲ್ಲಿ ಕೂತಳು. ಬೇರೆ ಯಾರ ಬಾಯಿಂದಲಾದರೂ ಬರುವ ಮೊದಲು ತಾನೇ ಹೇಳಬೇಕು ಎಂದುಕೊಂಡು ಬಂದವಳು ಮೊದಲು ಬಸಿರಿನ ಮಾತು ತೆಗೆದಳು, ಬಸುರಿಯ ರಕ್ತದಲ್ಲೂ ಕೂಸಿನ ಪ್ರೋಟೀನು ಸಿಗುತ್ತದೆ.

"ಅತ್ತಿಗೆ, ಮುಟ್ಟು ಸರಿಯಾಗಿ ಆಗ್ತೈತಾ?"

ಮಾಳಮ್ಮ ಅವಳನ್ನು ನೋಡಿ ನಕ್ಕಳು. "ಬಸುರು ಅಂತ ಕೇಳ್ತೀಯಾ? ಈ ವಯಸ್ಸಿನಾಗಾ? ಆಗ್ತೈತೆ ಕಣಮ್ಮ, ಮೊನ್ನೆ ತಾನೆ ತಲೆಗೆ ಎರಕಂಡೆ." ಆಮೇಲೆ ನಗು ನಿಂತಿತು. "ನಿನ್ನೆ ನನ್ನ ಕಾರ್ಡು ಮೂರು ಸಲ ಇಟ್ಟೆ. ನಾನು ನೋಡ್ತಾ ಇದ್ದೆ."

ಕಸ್ತೂರಿ ಎಲ್ಲವನ್ನೂ ಹೇಳಿದಳು. ಅಣ್ಣ ಬೇಡವೆಂದದ್ದನ್ನೂ ಮುಚ್ಚಿಡಲಿಲ್ಲ.

ಮಾಳಮ್ಮ ಬಹಳ ಹೊತ್ತು ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕುತ್ತಿದ್ದಳು. "ಎಲ್ಲಾರೂ ಸುಳ್ಳು ಸುಳ್ಳು ಅಂತ ಕುಣೀತಿದ್ರಲ್ಲ, ನಂಗ್ಯಾಕೋ ಕುಣಿಯಾಕೆ ಮನಸ್ಸು ಬರ್ಲಿಲ್ಲ. ಮಾತ್ರೆ ಬಿಟ್ಟೋರೆಲ್ಲ ಉಣ್ಣಾಕೆ ಹತ್ತಿದ್ರು. ನಂಗೆ ಮಾತ್ರ ಬಲಗಡೆ ಪಕ್ಕೆಯೊಳಗೆ ಕಲ್ಲಿಟ್ಟಂಗೆ." ಕಡ್ಡಿಯನ್ನು ಒಲೆಗೆ ಹಾಕಿದಳು. "ನಿಮ್ಮಣ್ಣ ಕೆಟ್ಟೋನಲ್ಲ. ಇಡೀ ಹಟ್ಟೀನ ಹೆಗಲ ಮ್ಯಾಲೆ ಹೊತ್ತವ್ನೆ, ನಾನೂ ಅದರಾಗೆ ಒಬ್ಬಳು ಅಂತ ಅವನ್ಗೆ ಕಾಣ್ತಿಲ್ಲ. ನೀನು ಮೊದ್ಲು ಆ ಮಾತ್ರೆ ನಿಲ್ಲಿಸು ಹೋಗು, ಬ್ಯಾರೆ ಹಟ್ಟಿನಾಗೆ ಇನ್ನೂ ನುಂಗ್ತಾವ್ರೆ. ನಾನು ಬಟ್ಟೆ ಕಟ್ಟಿಟ್ಟಿರ್ತೀನಿ."

ಜಯತೀರ್ಥರು ಅವಳ ಮಾತನ್ನು ನಡುವೆ ತಡೆಯದೆ ಕೇಳಿದರು. ಕನ್ನಡಕ ಒರೆಸಿಕೊಂಡರು.

"ಇದು ನಿಮ್ಮ ತವರೂರು ಕಸ್ತೂರಿ ಅವರೇ. ಈ ಪ್ರಯೋಗವನ್ನು ನೀವು ಒಬ್ಬರೇ ಮಾಡಿದ್ದೀರಿ, ನಿಮ್ಮ ಅಣ್ಣನ ಮನೆಯಂಗಳದಲ್ಲಿ."

"ಹೌದು ಸರ್."

"ಕಾರ್ಡು ಸುಳ್ಳು ಅಂತ ಸುದ್ದಿಯಾದರೆ ನಾಳೆ ಜಿಲ್ಲೆಯಲ್ಲಿ ಯಾರೂ ಬೆರಳು ಕೊಡುವುದಿಲ್ಲ. ಅದರಿಂದ ಎಷ್ಟು ಜನ ಸಾಯುತ್ತಾರೆ ಅನ್ನುವುದಕ್ಕೆ ಗೋಡೆಯ ಮೇಲೆ ಚುಕ್ಕೆ ಬೀಳುವುದಿಲ್ಲ. ಅದನ್ನು ಯೋಚಿಸಿದಿರಾ?" ಅವರು ಸ್ವಲ್ಪ ಮುಂದಕ್ಕೆ ಬಾಗಿದರು. "ಎಲ್ಲರದೂ ಆರಿತೇ? ಒಂದೂ ಬಿಡದೆ?"

ಅಣ್ಣ ಹೇಳಿದ ಮಾತು ಅವಳ ಕಿವಿಯಲ್ಲಿತ್ತು. ಆರಿತು ಎಂದು ಅವಳು ಹೇಳಬಹುದಿತ್ತು. ಹಾಗೆ ಹೇಳಿದರೆ ಹಟ್ಟಿಯ ಮಾತಿಗೆ ಬಲ ಬರುತ್ತಿತ್ತು, ಅತ್ತಿಗೆಯನ್ನು ಬೇರೆ ಊರಿನ ಆಸ್ಪತ್ರೆಗೆ ಗುಟ್ಟಾಗಿ ಕರೆದೊಯ್ಯಲೂ ಬಹುದಿತ್ತು. ಎದುರಿಗೆ ಕೂತವರು ಆ ಉತ್ತರಕ್ಕೇ ಹೊಂಚು ಹಾಕಿದ್ದಾರೋ, ಅಥವಾ ಬರೀ ತಿಳಿದುಕೊಳ್ಳಲು ಕೇಳುತ್ತಿದ್ದಾರೋ ಅವಳಿಗೆ ಗೊತ್ತಾಗಲಿಲ್ಲ.

"ಒಂದು ಆರಲಿಲ್ಲ ಸರ್. ನಮ್ಮ ಅತ್ತಿಗೆಯದು."

ಜಯತೀರ್ಥರು ಕನ್ನಡಕ ಹಾಕಿಕೊಂಡರು. "ಎಲ್ಲವೂ ಆರಿತು ಅಂದಿದ್ದರೆ ನಾನು ನಿಮ್ಮನ್ನು ನಂಬುತ್ತಿರಲಿಲ್ಲ," ಎಂದರು. ಎದ್ದರು. "ಈಗಲೂ ಪೂರ್ತಿ ನಂಬಿಲ್ಲ. ಉಳಿದ ರಕ್ತ ಎಲ್ಲಿದೆ?"

ಅವರು ಕೊಳವೆಗಳ ಮೇಲಿನ ಹೆಸರುಗಳನ್ನು ತಾವೇ ಕಿತ್ತು, ತಮಗೆ ಮಾತ್ರ ಗೊತ್ತಾಗುವ ಗುರುತು ಹಾಕಿ, ಕಸ್ತೂರಿಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡರು. ಕುರಿಯ ತಿಳಿಯನ್ನೂ ಅವಳದು ಬೇಡವೆಂದು ಬೇರೆ ಕಡೆಯಿಂದ ತರಿಸಿದ್ದರು. ಸಂಜೆ ಬಾಗಿಲು ತೆರೆದಾಗ ಅವರ ಮುಖ ಬಿಳಿಚಿತ್ತು. ಒಂದೇ ಒಂದು ಕೊಳವೆಯನ್ನು ಅವಳ ಕೈಗೆ ಕೊಟ್ಟು, "ಇದು ಯಾರದು ಅಂತ ನಾನು ಹೇಳಬೇಕಾಗಿಲ್ಲ. ತಡಮಾಡಬೇಡಿ" ಎಂದರು. ಅಂದೇ ಮಾತ್ರೆ ನಿಲ್ಲಿಸಲು ಆದೇಶ ಹೋಯಿತು, ಶಿಬಿರದ ನೋಟೀಸನ್ನು ತಡೆಹಿಡಿಯಲಾಯಿತು. ಕಂಪನಿ ಕೊನೆಗೂ ಬಾಯಿ ಬಿಟ್ಟಿತು. ಇಲಿಯಿಂದ ತೆಗೆಯುತ್ತಿದ್ದ ಪ್ರತಿಕಾಯ ಸಾಲದೆ ಕುರಿಗೆ ಬದಲಾಯಿಸಿದ್ದು ನಿಜ, ಆದರೆ ಪಟ್ಟಣದ ಜನರ ಮೇಲೆ ಮಾಡಿದ ಪರೀಕ್ಷೆಯಲ್ಲಿ ಯಾವ ತೊಂದರೆಯೂ ಕಂಡಿರಲಿಲ್ಲ ಎಂದಿತು. ಆ ಪಟ್ಟಣದಲ್ಲಿ ಕುರಿಗಳೇ ಇರಲಿಲ್ಲ.

ಕಾವಲಿನ ಕಲ್ಲುಗಳಿಗೂ ಕಾರ್ಡಿಗೂ ಏನಾದರೂ ನಂಟಿತ್ತೇ ಎಂಬುದು ಮಾತ್ರ ತಿಳಿಯಲಿಲ್ಲ. ಕಸ್ತೂರಿ ಹುಡುಕಿದ ಮಟ್ಟಿಗೆ ಏನೂ ಸಿಗಲಿಲ್ಲ. ಕಲ್ಲುಗಳು ಅಲ್ಲೇ ಇದ್ದವು.

ದಾವಣಗೆರೆಯ ಆಸ್ಪತ್ರೆಯ ಸ್ಕ್ಯಾನಿನಲ್ಲಿ ಮಾಳಮ್ಮನ ಯಕೃತ್ತಿನ ಬಲಭಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಗೆಡ್ಡೆ ಕಾಣಿಸಿತು. ಚಿಕ್ಕಂದಿನಲ್ಲಿ ಬಂದುಹೋದ ಕಾಮಾಲೆಯ ವೈರಸ್ಸು ಸದ್ದಿಲ್ಲದೆ ಒಳಗೇ ಕೂತಿತ್ತು ಎಂದರು ಡಾಕ್ಟರು. ಇನ್ನೂ ರಕ್ತನಾಳಕ್ಕೆ ಹಬ್ಬಿಲ್ಲ, ಆ ಭಾಗವನ್ನು ಕತ್ತರಿಸಿ ತೆಗೆಯಬಹುದು, ಉಳಿದ ಯಕೃತ್ತು ಮತ್ತೆ ಬೆಳೆಯುತ್ತದೆ ಎಂದರು. ಮೈಲಾರಪ್ಪ ಆ ದಿನ ಆಸ್ಪತ್ರೆಗೆ ಬಂದ. ಹೆಂಡತಿ ಹೆಬ್ಬೆಟ್ಟು ಒತ್ತುವುದನ್ನು ಬಾಗಿಲಲ್ಲೇ ನಿಂತು ನೋಡಿದ. ತಂಗಿಯ ಜೊತೆ ಮಾತಾಡಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಮಾಳಮ್ಮ ಕಣ್ಣು ಬಿಟ್ಟು ನೀರು ಕೇಳಿದಳು. ವಾರ ಕಳೆದ ಮೇಲೆ ತೆಗೆದ ರಕ್ತದಲ್ಲಿ ಪ್ರತಿಜನಕ ಬಿಸಿಲಿಗಿಟ್ಟ ನೀರಿನಂತೆ ಇಳಿಯತೊಡಗಿತ್ತು. ಕಸ್ತೂರಿ ಅದನ್ನು ಅಣ್ಣನಿಗೆ ತೋರಿಸಿದಳು.

"ಇದೂ ಯಂತ್ರ ಹೇಳಿದ್ದೇ ಅಲ್ವಾ?" ಎಂದ ಅವನು. ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಗಡ್ಡ ಬೆಳೆದಿತ್ತು. "ಕಸ್ತೂರಿ, ನಿಜ ಹೇಳು. ಅದು ಇತ್ತಾ? ಇಲ್ಲಾ, ನಿಮ್ಮ ಕಾರ್ಡಿನ ಮರ್ಯಾದೆ ಉಳಿಸಾಕೆ ಒಂದು ಹೊಟ್ಟೆ ಕುಯ್ದ್ರಾ?"

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸ್ಕ್ಯಾನ್ ಸರಿಯಾಗಿದೆ, ಆದರೂ ರೋಗ ಇದೆ ಎಂದು ಇವನ ಹಟ್ಟಿಯವರಿಗೆ ಹೇಳಿದವರು ತಾವೇ. ಆರೋಗ್ಯವಂತ ಮಗಳಿಗೆ ವಾಂತಿಯ ಮಾತ್ರೆ ನುಂಗಿಸಿದವರೂ ತಾವೇ. ಈಗ ನಂಬು ಎಂದು ಯಾವ ಬಾಯಲ್ಲಿ ಹೇಳುವುದು.

"ಬಾ," ಎಂದಳು. "ತೋರಿಸ್ತೀನಿ."

ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಗೆಡ್ಡೆಯ ತೆಳ್ಳನೆಯ ಚೂರನ್ನು ಗಾಜಿನ ಮೇಲೆ ಬಣ್ಣ ಹಾಕಿ ಇಟ್ಟಿದ್ದರು. ಅಲ್ಲಿದ್ದ ಡಾಕ್ಟರಮ್ಮ ಸೂಕ್ಷ್ಮದರ್ಶಕವನ್ನು ಸರಿಮಾಡಿ ಕೊಟ್ಟರು. ಮೈಲಾರಪ್ಪ ಮೊದಲು ಒಂದು ಕಣ್ಣು ಇಟ್ಟ, ಆಮೇಲೆ ಎರಡೂ. ಬಹಳ ಹೊತ್ತು ನೋಡಿದ. ಒಂದು ಕಡೆ ಸಾಲಾಗಿ ಕೂತ ಒಳ್ಳೆಯ ಜೀವಕೋಶಗಳು, ಇನ್ನೊಂದು ಕಡೆ ಬೇಲಿ ಮುರಿದು ನುಗ್ಗಿದ ಹಿಂಡಿನ ಹಾಗೆ ಒತ್ತೊತ್ತಾಗಿ, ಅಡ್ಡಾದಿಡ್ಡಿಯಾಗಿ ತುಂಬಿದವು. ಯಾವುದು ಯಾವುದೆಂದು ಯಾರೂ ಅವನಿಗೆ ಹೇಳಿಕೊಡಬೇಕಾಗಲಿಲ್ಲ. ತಲೆಯೆತ್ತಿದಾಗ ಅವನ ಕಣ್ಣು ಒದ್ದೆಯಾಗಿತ್ತು.

"ಇದು ಅವಳದ್ದೇ ಅಂತ ನಾನು ಹೆಂಗೆ ನಂಬ್ಲಿ?" ಎಂದ.

ಡಾಕ್ಟರಮ್ಮನ ಮುಖ ಬಿಗಿಯಿತು. ಕಸ್ತೂರಿ ಅಣ್ಣನ ತೋಳು ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದಳು.

ವಾರ್ಡಿನಲ್ಲಿ ಮಾಳಮ್ಮ ದಿಂಬಿಗೆ ಒರಗಿ ಎದ್ದು ಕೂತಿದ್ದಳು. ಚೈತ್ರ ತಟ್ಟೆಗೆ ರಾಗಿ ಗಂಜಿ ಬಗ್ಗಿಸುತ್ತಿದ್ದಳು. ಗಂಡ ಎಲ್ಲಿಗೆ ಹೋಗಿ ಬಂದನೆಂದು ಮಾಳಮ್ಮನಿಗೆ ಗೊತ್ತಿತ್ತು.

"ನೋಡ್ದಾ?"

"ನೋಡ್ದೆ."

"ಹೆಂಗಿತ್ತು?"

"ಗುಲಾಬಿ ಬಣ್ಣ. ಮಧ್ಯ ಮಧ್ಯ ನೇರಳೆ ಚುಕ್ಕಿ."

"ನನ್ನ ಹೆಸರಿತ್ತಾ ಅದರ ಮ್ಯಾಲೆ?"

"ಹೆಸರಿಲ್ಲ. ನಂಬರು."

"ಅದಕ್ಕೆ ನಿಂಗೆ ಅನುಮಾನ."

ಅವನು ಮಂಚದ ತುದಿಯಲ್ಲಿ ಕೂತ. ಮಾಳಮ್ಮ ಪಕ್ಕೆಯ ಹೊಲಿಗೆಯ ಮೇಲೆ ಅಂಗೈಯಿಟ್ಟುಕೊಂಡು ಕಾಲು ಮಡಚಿ ಅವನಿಗೆ ಜಾಗ ಮಾಡಿಕೊಟ್ಟಳು.

"ಯಾರದ್ದೋ ಆಗಿದ್ರೆ," ಎಂದಳು, "ಆ ತಾಯೀನೂ ಎಲ್ಲೋ ಒಂದು ಕಡೆ ನನ್ನಂಗೆ ಎದ್ದು ಕೂತಿರ್ಲಿ ಬಿಡು."

ಮೈಲಾರಪ್ಪ ಮಗಳ ಕೈಯಿಂದ ತಟ್ಟೆ ತೆಗೆದುಕೊಂಡ. ಗಂಜಿ ಬಿಸಿಯಿತ್ತು. ಒಂದು ಚಮಚ ತೆಗೆದು, ತಾನು ಮೊದಲು ತುಟಿಗೆ ತಾಗಿಸಿ ನೋಡಿ, ಆಮೇಲೆ ಅವಳ ಬಾಯಿಯ ಹತ್ತಿರ ಹಿಡಿದ.